ನರ್ಸಬಾಯಿ ಓಡಾಡುವ ಕಾರಿಗೆ ನಾಲ್ಕು ದಿನ

ಯುದ್ಧದ ಆ ವರ್ಷಗಳಲ್ಲಿ ನನಗೆ ಬೇಕಾಗಿದ್ದುದು ಒಂದೇ, ನಿದ್ದೆ. ಹಾನಗಲ್ಲಿನ ಬಸ್ ಶೆಡ್ಡಿನಲ್ಲಿ ನಾನು ಮಿಸ್ತ್ರಿ. ಪೆಟ್ರೋಲಿಗೆ ಕೂಪನ್ ಬಂದ ಮೇಲೆ ನಮ್ಮ ಬಸ್ಸುಗಳೆಲ್ಲ ಇದ್ದಲಿ ಗ್ಯಾಸಿನ ಮೇಲೆ ಓಡುತ್ತಿದ್ದವು. ಓಡುತ್ತಿದ್ದವು ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಬೆಳಗಾದರೆ ಬೂದಿ ತೆಗೆಯುವುದು, ಕೊಳವೆ ಕೆರೆಯುವುದು, ಮಸಿ ಕೆಮ್ಮುವುದು. ಊಟಕ್ಕೆ ಕೂತರೆ ರೊಟ್ಟಿಯ ಮೇಲೆ ಬೆರಳಿನ ಗುರುತು ಮೂಡುತ್ತಿತ್ತು. ಸೊಂಟ ಹಿಡಿದುಕೊಂಡು ಎರಡು ತಿಂಗಳಾಗಿತ್ತು. ಹಾಗಿರುವಾಗ ಶೆಡ್ಡಿನ ಮಾಲೀಕರು ಕರೆದು, ಹಿರೇಕೆರೂರಿನ ಗೌಡರ ಹಳೇ ಕಾರೊಂದನ್ನು ನೋಡಿಕೊಂಡು ಬಾ ಅಂದರು.

“ದೊಡ್ಡ ಕೆಲಸ ಏನಲ್ಲೋ. ಪ್ಲಗ್ಗು, ಪಾಯಿಂಟು, ಕಾರ್ಬುರೇಟರು. ಎರಡು ದಿವಸ ಭಾಳ ಆತು.”

ನಾಲ್ಕು ದಿನ ಹಿಡಿಯಿತು. ಆ ನಾಲ್ಕು ದಿನದ ದಣಿವು ಈಗಲೂ ನೆನೆಸಿಕೊಂಡರೆ ಮೈಗೆ ಬರುತ್ತದೆ.

ಕಾರು ಅಮೆರಿಕದ್ದು, ನಾಲ್ಕು ಸಿಲಿಂಡರಿನದು, ಹದಿನೈದು ಹದಿನಾರು ವರ್ಷ ಹಳೆಯದು. ಮೇಲೆ ಬಟ್ಟೆಯ ಹೊದಿಕೆ, ಅದಕ್ಕೂ ನಾಲ್ಕಾರು ತೇಪೆ. ಗೌಡರು ಅದರಲ್ಲಿ ಕೂರುವುದನ್ನು ಬಿಟ್ಟು ಬಹಳ ದಿನವಾಗಿತ್ತು. ದವಾಖಾನೆಯ ನರ್ಸಬಾಯಿ ಹೆರಿಗೆಗೆಂದು ಹಳ್ಳಿಗಳಿಗೆ ಹೋಗಲು ಅದನ್ನು ಬಿಟ್ಟುಕೊಟ್ಟಿದ್ದರು. ಚಿಕ್ಕೇರೂರು, ರಟ್ಟೀಹಳ್ಳಿ, ನಡುವಿನ ಸಣ್ಣ ಹಳ್ಳಿಗಳು, ಎಲ್ಲ ಕಡೆಗೂ ಅದೊಂದೇ ಗಾಡಿ.

ನಾನು ಹೋಗಿ ಚೀಲ ಇಳಿಸುತ್ತಿದ್ದಂತೆ ಗೌಡರು ಜಗಲಿಯಿಂದಲೇ ಮಾತು ಮುಗಿಸಿದರು.

“ನೋಡ್ರಿ ಮಿಸ್ತ್ರಿ, ತಿಂಗಳ ಕೂಪನ್ ಪೆಟ್ರೋಲು ಹದಿನೈದು ದಿವಸಕ್ಕ ಖಾಲಿ ಆಗಾಕತ್ತೈತಿ. ಉಳಿದ ಹದಿನೈದು ದಿವಸ ಬಾಯಾರು ಚಕ್ಕಡಿ ಮ್ಯಾಲ ಹೋಗಬೇಕು. ಹಂಗಿದ್ದ ಮ್ಯಾಲ ಈ ಕಾರು ಯಾಕ ಬೇಕು? ಸವಣೂರಿನ ಗಿರಣಿಯವರು ಎಂಜಿನ್ ಕೇಳ್ಯಾರ. ಇದ್ದಲಿ ಗ್ಯಾಸಿನ ಮ್ಯಾಲ ಹಿಟ್ಟು ಬೀಸತಾರಂತ. ಅಮಾಸಿ ಮರುದಿವಸ ಅವರ ಮಂದಿ ಬರ್ತಾರ. ಅಷ್ಟರೊಳಗ ಸುಧಾರಿಸಿದ್ರ ಆತು, ಇಲ್ಲಂದ್ರ ಬಿಚ್ಚಿ ಕೊಟ್ಟ ಬಿಡ್ತೇನಿ.”

ಅಮವಾಸ್ಯೆಗೆ ಎರಡು ದಿನ ಇತ್ತು.

ನರ್ಸಬಾಯಿ ನಡುವಯಸ್ಸಿನವರು, ಮಾತು ಕಡಿಮೆ. ಕಾರಿನ ಹತ್ತಿರ ಬಂದು ನಿಂತು, ನನ್ನ ಮುಖ ನೋಡದೆ ಎಂಜಿನ್ನಿಗೆ ಹೇಳುವಂತೆ ಹೇಳಿದರು. “ಹ್ವಾದ ತಿಂಗಳ ಚಿಕ್ಕೇರೂರು ಏರಿನ್ಯಾಗ ನಿಂತ ಬಿಡ್ತರಿ. ಪೆಟಗಿ ಹೊತಗೊಂಡು ನಡಕೊಂತ ಹ್ವಾದೆ. ತಾಯಿ ಉಳದ್ಲು. ಕೂಸು ಉಳೀಲಿಲ್ಲ. ಅರ್ಧ ತಾಸು ಮೊದಲ ಮುಟ್ಟಿದ್ರ ಉಳೀತಿತ್ತು.” ಅಷ್ಟು ಹೇಳಿ ದವಾಖಾನೆಗೆ ಹೋದರು. ನಾನು ಅಂಗಿಯ ತೋಳು ಮಡಿಚಿಕೊಂಡೆ. ನಿದ್ದೆಯ ಆಸೆ ಅಲ್ಲಿಗೆ ಬಿಟ್ಟಿತು.

ಮೊದಲು ಪ್ಲಗ್ಗುಗಳನ್ನು ಬಿಚ್ಚಿದೆ. ನಾಲ್ಕರಲ್ಲಿ ಎರಡು ಕರ್ರಗೆ, ಪೆಟ್ರೋಲಿನಲ್ಲಿ ನೆಂದು ಜಿಡ್ಡಾಗಿದ್ದವು. ಅಂದರೆ ಆ ಎರಡು ಸಿಲಿಂಡರಿನಲ್ಲಿ ಪೆಟ್ರೋಲು ಸುಡದೆ ಸುಮ್ಮನೆ ಹೊಗೆಯ ದಾರಿ ಹಿಡಿಯುತ್ತಿದೆ. ಪೆಟ್ರೋಲನ್ನು ಅಳೆದು ಬಿಡುವ ಕಾರ್ಬುರೇಟರಿನ ಸೂಜಿ ಇರಬೇಕಾದ್ದಕ್ಕಿಂತ ಒಂದೂವರೆ ಸುತ್ತು ಸಡಿಲವಾಗಿತ್ತು. ಡ್ರೈವರನನ್ನು ಕೇಳಿದೆ. ಗೌಡರ ಮನೆಯಲ್ಲೇ ಮುದಿಯಾದ ಆಳು ಅವನು, ಮೊದಲು ಕುದುರೆ ಗಾಡಿ ಹೊಡೆಯುತ್ತಿದ್ದವನು.

“ಎಂಜಿನ್ ಜಗ್ಗತಿದ್ದಿಲ್ರಿ. ಅದಕ್ಕ ಒಂದೀಟು ಸೂಜಿ ಬಿಟ್ಟೆ. ಮತ್ತ ಜಗ್ಗಲಿಲ್ಲ, ಮತ್ತೀಟು ಬಿಟ್ಟೆ.”

“ಕುದರಿಗೆ ಹುಲ್ಲು ಹೆಚ್ಚಿಗಿ ಹಾಕಿದಂಗೇನು?”

“ಹೌದ್ರಿ,” ಅಂದ ಅವನು, ಸ್ವಲ್ಪವೂ ನಾಚದೆ.

ಕೂಪನ್ ಪೆಟ್ರೋಲು ಎಲ್ಲಿ ಹೋಗುತ್ತಿದೆ ಅನ್ನುವುದು ಗೊತ್ತಾಯಿತು. ಆದರೆ ಎಂಜಿನ್ ಮೊದಲು ಯಾಕೆ ಸೊರಗಿತು ಅನ್ನುವುದು ಗೊತ್ತಾಗಲಿಲ್ಲ. ಪ್ಲಗ್ಗುಗಳನ್ನು ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ, ಹಿತ್ತಾಳೆ ಬ್ರಷ್ಷಿನಿಂದ ತಿಕ್ಕಿ, ಬಿಸಿಲಿಗಿಟ್ಟೆ. ಕಿಡಿ ಹುಟ್ಟಿಸುವ ಪಾಯಿಂಟುಗಳ ಮುಖ ಕುಳಿಬಿದ್ದಿತ್ತು. ಸಾಣೆಕಲ್ಲಿನ ಚೂರಿನಿಂದ ಉಜ್ಜಿ ಸಮ ಮಾಡಿದೆ. ಸಂದು ಅಳೆಯುವ ಪಟ್ಟಿ ನನ್ನ ಚೀಲದಿಂದ ಕಳೆದು ವರ್ಷವಾಗಿತ್ತು, ಹೊಸದು ಸಿಗುವ ಕಾಲವೂ ಅಲ್ಲ. ಪಾಯಿಂಟಿಗೆ ಎರಡು ಪೋಸ್ಟ್ ಕಾರ್ಡಿನ ದಪ್ಪ, ಪ್ಲಗ್ಗಿಗೆ ಮೂರು. ಇದು ನಾನು ಕಲಿತ ಲೆಕ್ಕ.

ಕಿಡಿಯನ್ನು ನಾಲ್ಕು ಸಿಲಿಂಡರಿಗೂ ಸರದಿಯಂತೆ ಹಂಚುವ ಡಿಸ್ಟ್ರಿಬ್ಯೂಟರು ಈ ಗಾಡಿಯಲ್ಲಿ ಎಂಜಿನ್ನಿನ ನೆತ್ತಿಯ ಮೇಲೆಯೇ ಕೂತಿತ್ತು. ಅದರ ಕಪ್ಪು ಮುಚ್ಚಳ ತೆಗೆದರೆ ಒಳಗೆ ಬಿಳಿ ಪುಡಿ ಹಿಡಿದಿತ್ತು. ಬಟ್ಟೆಯಿಂದ ಒರೆಸಿ ಪಕ್ಕಕ್ಕಿಟ್ಟೆ. ರಸ್ತೆಯ ಧೂಳು ಅಂದುಕೊಂಡೆ. ನಮ್ಮ ಸೀಮೆಯ ಧೂಳು ಕೆಂಪು, ಇಲ್ಲವೇ ಕಪ್ಪು. ಬಿಳಿ ಧೂಳನ್ನು ನಾನು ಎಲ್ಲೂ ಕಂಡವನಲ್ಲ. ಅಷ್ಟು ದಣಿದ ತಲೆಗೆ ಅದು ಹೊಳೆಯಲಿಲ್ಲ.

ಮರುದಿನ ಕೂಡಿಸುವ ಕೆಲಸ. ಒಂದನೇ ಸಿಲಿಂಡರಿನ ಪ್ಲಗ್ಗಿನ ತೂತಿನಲ್ಲಿ ಜೋಳದ ದಂಟಿನ ಉದ್ದ ಸೀಳು ಇಳಿಬಿಟ್ಟು, ಎಂಜಿನ್ ಹೊಡೆಯುವ ಹ್ಯಾಂಡಲನ್ನು ಮೆಲ್ಲಗೆ ತಿರುಗಿಸಲು ಡ್ರೈವರನಿಗೆ ಹೇಳಿದೆ. ದಂಟು ಮೇಲೇರಿ ನಿಂತಲ್ಲಿ ಪಿಸ್ಟನ್ನು ತುದಿಗೆ ಬಂದಂತೆ. ಪಾಯಿಂಟಿನ ನಡುವೆ ಗಾಳಿಪಟದ ತೆಳು ಕಾಗದ ಸಿಕ್ಕಿಸಿ ಬೆರಳಿನಿಂದ ಹಗುರಾಗಿ ಎಳೆಯುತ್ತ ಹೋದೆ. ಕಾಗದ ಜಾರಿ ಕೈಗೆ ಬಂದ ಕ್ಷಣವೇ ಕಿಡಿ ಹಾರುವ ಕ್ಷಣ. ಎರಡೂ ಸರಿಹೊಂದಲು ಹನ್ನೊಂದು ಸಲ ತಿರುಗಿಸಬೇಕಾಯಿತು. ಡ್ರೈವರನ ತೋಳು ಬಿದ್ದುಹೋಯಿತು, ನನ್ನ ಸೊಂಟವೂ. ಆಮೇಲೆ ಸೂಜಿಯನ್ನು ಬಿಗಿಮಾಡಿ, ವಾಲ್ವುಗಳ ಸಂದು ನೋಡಿದೆ. ಒಂದು ಮಾತ್ರ ಬಿಗಿಯಿತ್ತು, ಸಡಿಲಿಸಿದೆ.

ಎಂಜಿನ್ ಹಿಡಿಯಿತು. ಎಷ್ಟು ಚೆನ್ನಾಗಿ ಹಿಡಿಯಿತೆಂದರೆ ಡ್ರೈವರು ಚಪ್ಪಾಳೆ ಹೊಡೆದ. ಊರಾಚೆಯ ಏರು ಹತ್ತಿಸಿ ಇಳಿಸಿ ತಂದೆವು, ಒಂದು ಸಲವೂ ಕೆಮ್ಮಲಿಲ್ಲ. ಗೌಡರ ಅವ್ವ ಹೊರಗೆ ಬಂದು ದೊಡ್ಡ ಲೋಟದಲ್ಲಿ ಮಜ್ಜಿಗೆ ಕೊಟ್ಟರು. ಎಪ್ಪತ್ತು ದಾಟಿದ ಜೀವ, ಬೆನ್ನು ಬಾಗಿತ್ತು.

“ಹ್ವಾದ ಜೀವ ಬಂದಂಗಾತೇನೋ ತಮ್ಮಾ?”

“ಬಂತ್ರಿ ಅವ್ವಾರ. ಇನ್ನ ಚಿಂತಿಲ್ಲ.”

ಅವರು ಹೋದ ಮೇಲೆ ಡ್ರೈವರು ತಗ್ಗಿದ ದನಿಯಲ್ಲಿ ಹೇಳಿದ. ಅವ್ವಾರ ಒಬ್ಬಳೇ ಮಗಳು ಹೆರಿಗೆ ನೋವಿನಲ್ಲಿ ಚಕ್ಕಡಿಯಲ್ಲೇ ಹೋಗಿಬಿಟ್ಟಿದ್ದಳಂತೆ, ಈ ಕಾರು ಬರುವುದಕ್ಕೂ ಮುಂಚೆ. ಕಾರನ್ನು ನರ್ಸಬಾಯಿಗೆ ಬಿಟ್ಟುಕೊಡುವಂತೆ ಗೌಡರಿಗೆ ಹೇಳಿದವರೂ ಅವರೇ. ನಾನು ಮಜ್ಜಿಗೆ ಕುಡಿದು, ಹೊತ್ತು ಮುಳುಗುವುದರೊಳಗೆ ದವಾಖಾನೆಯ ಕಟ್ಟೆಯ ಮೇಲೆ ಬಿದ್ದುಕೊಂಡೆ. ಕೆಲಸ ಮುಗಿಯಿತು, ನಾಳೆ ಹಾನಗಲ್ಲಿಗೆ ಹೋಗಿ ಇನ್ನೊಂದು ನಿದ್ದೆ ಅನ್ನುವ ಲೆಕ್ಕ ನನ್ನದು.

ಎದ್ದಾಗ ಬಿಸಿಲು ಮುಖಕ್ಕೆ ಬಡಿಯುತ್ತಿತ್ತು. ಅಮವಾಸ್ಯೆ. ಕಾರಿಗೆ ಆಗಲೇ ಪೂಜೆ ಆಗಿತ್ತು. ಮುಂದೆ ಹೂವು, ಗಾಲಿಯ ಕೆಳಗೆ ಲಿಂಬೆಹಣ್ಣು, ಮೂಗಿನ ಮೇಲೆ ಮೂರು ಬೆರಳಿನ ವಿಭೂತಿ. ಇದರಲ್ಲಿ ವಿಶೇಷವೇನೂ ಇಲ್ಲ. ನಮ್ಮ ಶೆಡ್ಡಿನಲ್ಲೂ ಪ್ರತಿ ಅಮವಾಸ್ಯೆಗೆ ಆಗುತ್ತದೆ, ಕಾಯಿ ಒಡೆಯುವವನೇ ನಾನು. ಗೌಡರಿಗೆ ಒಮ್ಮೆ ತೋರಿಸಿ ಹೊರಡೋಣವೆಂದು ಹ್ಯಾಂಡಲ್ ಹೊಡೆದೆ.

ಹಿಡಿಯಲಿಲ್ಲ. ಮತ್ತೆ ಹೊಡೆದೆ. ಏಳನೆಯ ಸಲಕ್ಕೆ ಒಂದು ಸಲ ಸೀನಿ, ಎರಡೇ ಸಿಲಿಂಡರಿನ ಮೇಲೆ ಕುಂಟತೊಡಗಿತು. ಗೌಡರು ಜಗಲಿಯ ಮೇಲೆ ನಿಂತು ನೋಡಿ ಒಳಗೆ ಹೋದರು. ನನಗೆ ಮುಖಕ್ಕೆ ಹೊಡೆದಂತಾಯಿತು.

“ಯಾರ್ ಮುಟ್ಟಿದ್ರು ಇದನ್ನ?” ಡ್ರೈವರನ ಮೇಲೆ ಹರಿಹಾಯ್ದೆ.

“ಯಾರೂ ಮುಟ್ಟಿಲ್ರಿ. ಪೂಜಿ ಅಷ್ಟ ಆತು.”

ಆ ದಿನ ನಾನು ಮಾಡಿದ್ದನ್ನು ಹೇಳಲು ಈಗಲೂ ನಾಚಿಕೆ. ಮೊದಲು ಸೂಜಿಯ ಮೇಲೆ ಅನುಮಾನ ಬಂತು, ಕಾರ್ಬುರೇಟರು ಪೂರಾ ಬಿಚ್ಚಿದೆ. ಚೊಕ್ಕಟವಾಗಿತ್ತು. ಪೆಟ್ರೋಲಿನಲ್ಲಿ ಚಿಮಣಿ ಎಣ್ಣೆ ಬೆರೆಸಿರಬಹುದೆಂದು ಟಾಕಿ ಬರಿದುಮಾಡಿ ಅರಿವೆಯಲ್ಲಿ ಸೋಸಿದೆ. ಸುಳ್ಳು ಅನುಮಾನ. ಪಾಯಿಂಟು ಅಲುಗಿರಬಹುದೆಂದು ಮತ್ತೆ ದಂಟು, ಮತ್ತೆ ಕಾಗದ, ಮತ್ತೆ ಹ್ಯಾಂಡಲ್. ಮೊದಲೇ ಸರಿಯಿದ್ದುದನ್ನು ಒಂದು ಕೂದಲೆಳೆ ಕೆಡಿಸಿ, ಮತ್ತೆ ಸರಿಮಾಡಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ಕಾರಿನ ಮೆಟ್ಟಿಲ ಮೇಲಿಟ್ಟು ಕೆಳಗಿನ ಪಾಯಿಂಟುಗಳನ್ನು ಅರ್ಧ ತಾಸು ನೋಡಿದವನು, ಮುಚ್ಚಳವನ್ನು ತಿರುಗಿಸಿ ಒಳಗೆ ಇಣುಕಲಿಲ್ಲ. ನನ್ನ ಕೈಯಾರೆ ಒರೆಸಿದ್ದೆನಲ್ಲ, ಅದು ನನ್ನ ಮನಸ್ಸಿನಲ್ಲಿ ಮುಗಿದ ಕೆಲಸ. ಇಪ್ಪತ್ತು ವರ್ಷ ನಟ್ಟು ತಿರುಗಿಸುವ ಪಾನಾ ಹಿಡಿದವನು ಕಲಿತಿರಬೇಕಾದ ಪಾಠ ಅದು.

ಸಂಜೆಗೆ ಎಂಜಿನ್ ಬೆಳಿಗ್ಗೆ ಇದ್ದಂತೆಯೇ ಇತ್ತು.

ಮರುದಿನ ಬಿಸಿಲೇರುವ ಹೊತ್ತಿಗೆ ಗಿರಣಿಯವನು ಬಂದ. ಚಕ್ಕಡಿಯಲ್ಲಿ ಸರಪಳಿ, ಹಗ್ಗ, ಎರಡು ದಪ್ಪ ಬಿದಿರು. ಎಂಜಿನ್ನನ್ನು ಎತ್ತಿ ಒಯ್ಯುವ ಸಿದ್ಧತೆ. ಒಳ್ಳೆಯ ಮನುಷ್ಯ, ನೆರಳಲ್ಲಿ ಕೂತು ಎಲೆ ಅಡಿಕೆ ಬಿಚ್ಚಿದ. “ಆತೇನ್ರಿ ಮಿಸ್ತ್ರಿ? ನಂದೇನ ಗಡಿಬಿಡಿ ಇಲ್ಲ,” ಅಂದ. ಅವನ ಆ ಸಮಾಧಾನವೇ ನನಗೆ ಸಹಿಸಲಾಗಲಿಲ್ಲ. ಪಾನಾಗಳನ್ನು ಚೀಲಕ್ಕೆ ತುಂಬಿಕೊಂಡು, ನನ್ನಿಂದ ಆಗಲಿಲ್ಲ ಎಂದು ಗೌಡರಿಗೆ ಹೇಳಲು ಹೊರಟೆ.

ದವಾಖಾನೆಯ ಬಾಗಿಲಲ್ಲಿ ನರ್ಸಬಾಯಿ ತಡೆದರು. ಕೈಯಲ್ಲಿ ಅವರ ಡೈರಿ ಇತ್ತು. ಯಾವ ಊರಿಗೆ ಯಾವಾಗ ಹೋದರು, ತಡವಾದರೆ ಯಾಕೆ, ಎಲ್ಲವನ್ನೂ ಮೇಲಿನವರಿಗೆ ತೋರಿಸಲು ಬರೆದಿಡುತ್ತಿದ್ದರು.

“ಹೋಗೂದಾದ್ರ ಹೋಗ್ರಿ. ಒಂದು ಮಾತು ಕೇಳ್ರಿ. ಮೊನ್ನೆ ಚೊಲೊ ಇತ್ತು, ನಿನ್ನೆ ಕೆಟ್ಟತು. ಹಿಂದೂ ಹಿಂಗ ಆಗೈತಿ. ಒಂದೊಂದು ವಾರ ಚೊಲೊ ಓಡತೈತಿ. ಯಾವ ದಿವಸ ನಿಂತೈತಿ ಅಂತ ಇದರಾಗ ಐತಿ.”

ಬೇಡವೆನ್ನಲೂ ತ್ರಾಣವಿರಲಿಲ್ಲ. ಕೂತೆ. ಅವರು ತಾರೀಖು ಓದುತ್ತ ಹೋದರು, ನಾನು ಗೋಡೆಯ ಪಂಚಾಂಗದಲ್ಲಿ ಬೆರಳಿಟ್ಟು ತಿಥಿ ನೋಡುತ್ತ ಹೋದೆ. ಪಾಡ್ಯ. ಅದರ ಮುಂದಿನ ತಿಂಗಳು ಬಿದಿಗೆ. ಆಮೇಲೆ ಅಮವಾಸ್ಯೆಯ ಸಂಜೆ. ಕೊನೆಗೆ ಹೋದ ತಿಂಗಳು, ಚಿಕ್ಕೇರೂರಿನ ಕೂಸಿನ ದಿನ, ಮತ್ತೆ ಪಾಡ್ಯ. ಬೆರಳು ಅಲ್ಲೇ ನಿಂತಿತು. ನರ್ಸಬಾಯಿಯೂ ನೋಡಿದರು. ಎಲ್ಲವೂ ಅಮವಾಸ್ಯೆಯ ಪೂಜೆಯ ಬೆನ್ನಿಗೇ.

ಡ್ರೈವರನನ್ನು ಕರೆದು, ಪೂಜೆ ಹೇಗೆ ಮಾಡುತ್ತಾರೆ, ಒಂದೊಂದಾಗಿ ಹೇಳು ಅಂದೆ.

“ಅವ್ವಾರು ಮಡಿಲೆ ಬರ್ತಾರ್ರಿ. ನಾ ಎಂಜಿನ್ ಮ್ಯಾಲಿನ ತಗಡಿನ ಮುಚ್ಚಳಿಕಿ ಎತ್ತಿ ಹಿಡೀತೇನಿ. ಒಳಗ ನೆತ್ತಿ ಮ್ಯಾಲ ಕರ್ರಗ, ದುಂಡಗ, ಪೀಠದ ಮ್ಯಾಲ ಕುಂತಂಗ ಐತೆಲ್ರಿ, ಅದು ಅವ್ವಾರಿಗೆ ಲಿಂಗಪ್ಪ. ಒಂದು ತಂಬಿಗಿ ನೀರು ಎರಿತಾರ, ಈಬತ್ತಿ ಹಚ್ಚತಾರ, ಹೂವು ಏರಸತಾರ. ಆಮ್ಯಾಲ ನೀರು ನಿಲ್ಲದಂಗ ತಾವ ಸೆರಗಿಲೆ ಒರಸತಾರ್ರಿ. ವೈರು ಮಾತ್ರ ಮುಟ್ಟಾಕ ಕೊಡಂಗಿಲ್ಲ ನಾನು.”

ನಗು ಬಂತು. ಡಿಸ್ಟ್ರಿಬ್ಯೂಟರಿಗೆ ಅಭಿಷೇಕ ಮಾಡುವವರನ್ನು ನಾನು ಕೇಳಿಯೂ ಇರಲಿಲ್ಲ. ಅರ್ಧ ನಕ್ಕು ನಿಲ್ಲಿಸಿದೆ, ಆ ಕೂಸಿನ ನೆನಪಾಗಿ.

ಹೋಗಿ ಮುಚ್ಚಳ ತೆಗೆದು ಬಿಸಿಲಿಗೆ ಹಿಡಿದೆ. ವೈರು ಇಳಿಯುವ ತೂತುಗಳ ಸಂದಿನಿಂದ ನೀರು ಒಳಗಿಳಿದಿತ್ತು, ಅದರ ಜೊತೆ ವಿಭೂತಿ. ಒದ್ದೆ ಬೂದಿಯ ಮೇಲೆ ಕಿಡಿ ತನ್ನ ದಾರಿ ಬಿಟ್ಟು ಪಕ್ಕದ ವೈರಿನ ಹಿತ್ತಾಳೆ ತುದಿಗೆ ಹಾಯುತ್ತಿತ್ತು. ತಿಂಗಳು ತಿಂಗಳು ಹಾಯ್ದು ಹಾಯ್ದು ಒಂದು ಹಿತ್ತಾಳೆಯಿಂದ ಇನ್ನೊಂದಕ್ಕೆ ಕೂದಲಿನಷ್ಟು ಸಣ್ಣ ಕರಿಗೆರೆ ಸುಟ್ಟಿತ್ತು. ನೀರು ಆರಿದ ಮೇಲೆ ಎಂಜಿನ್ ನಾಲ್ಕಾರು ದಿನ ಸುಧಾರಿಸುತ್ತಿತ್ತು, ಆದರೆ ಡ್ರೈವರು ಬಿಟ್ಟ ಸೂಜಿ ಬಿಟ್ಟಂತೆಯೇ ಇರುತ್ತಿತ್ತು. ಪೆಟ್ರೋಲು ತಿಂಗಳಿಡೀ ಹರಿದುಹೋಗುತ್ತಿತ್ತು.

ಹೊಸ ಮುಚ್ಚಳ ಮುಂಬಯಿಯಲ್ಲೂ ಸಿಗುವ ಕಾಲವಲ್ಲ. ಅಲ್ಲಿ ಒಂದು ನಿರ್ಧಾರ ಮಾಡಿದೆ. ಈ ಮುಚ್ಚಳವೊಂದನ್ನು ಬಿಟ್ಟು ಬೇರೆ ಯಾವ ಸ್ಕ್ರೂವನ್ನೂ ಮುಟ್ಟುವುದಿಲ್ಲ. ನಿನ್ನೆ ಹತ್ತು ಕಡೆ ಕೈಹಾಕಿ ದಿನ ಕಳೆದಿದ್ದೆ. ಇಂದು ಇದೊಂದೇ, ಇದರಿಂದ ಆಗದಿದ್ದರೆ ಗಿರಣಿಯವನಿಗೆ ನಾನೇ ಬಿಚ್ಚಿ ಕೊಡುತ್ತೇನೆ.

ಚಾಕುವಿನ ಮೊನೆಯಿಂದ ಕರಿಗೆರೆಯನ್ನು ಕೆರೆದೆ. ಒಂದಿಷ್ಟು ಮಸಿ ಉಳಿದರೂ ಕಿಡಿ ಅದೇ ದಾರಿ ಹಿಡಿಯುತ್ತದೆ, ಹಾಗಾಗಿ ಬೂದುಬಣ್ಣ ಹೋಗಿ ಒಳಗಿನ ಹೊಸ ಮೈ ಕಾಣುವ ತನಕ ಕೆರೆದೆ. ಕೆರೆದ ಕಾಲುವೆಯನ್ನು ಹಾಗೇ ಬಿಟ್ಟರೆ ಮತ್ತೆ ತೇವ ಹಿಡಿಯುತ್ತದೆ. ತೊಟ್ಟಿಲಿಗೆ ಮೆರುಗು ಹಚ್ಚುವ ಬಡಿಗರ ಹತ್ತಿರ ಅರಗಿನ ಚಪಡಾ ಇರುತ್ತದೆಂದು ಗೊತ್ತಿತ್ತು. ಡ್ರೈವರು ಓಡಿಹೋಗಿ ಒಂದು ಹಿಡಿ ತಂದ. ಅದನ್ನು ಕರಗಿಸಲು ಸ್ಪಿರಿಟ್ ಬೇಕು. ನರ್ಸಬಾಯಿ ಇಂಜೆಕ್ಷನ್ ಸೂಜಿ ಒರೆಸುವ ಸ್ಪಿರಿಟ್ಟಿನ ಬಾಟಲಿಯನ್ನೇ ತಂದು ಕೊಟ್ಟರು. ಅವರ ಅರಳೆಯನ್ನೇ ಕಡ್ಡಿಗೆ ಸುತ್ತಿ, ಒಳಗೂ ಹೊರಗೂ ಒಂದು ಕೈ ಬಳಿದೆ. ಬಿಸಿಲಲ್ಲಿ ಒಣಗಿಸಿದೆ. ಮತ್ತೆ ಒಂದು ಕೈ. ಮತ್ತೆ ಒಂದು. ನಡುನಡುವೆ ಕಾಯುತ್ತ ಕೂರುವುದೇ ಎಲ್ಲಕ್ಕಿಂತ ಕಷ್ಟವಾಯಿತು, ಕಣ್ಣು ತಾನಾಗಿಯೇ ಮುಚ್ಚುತ್ತಿತ್ತು. ಗಿರಣಿಯವನು ಎರಡು ಸಲ ಬಂದು ಇಣುಕಿ, “ಚೊಲೊ ಮೆರಗು ಬಂತ್ರಿ,” ಅಂದು ಹೋದ.

ಹೊತ್ತು ಇಳಿಯುವ ಮುಂಚೆ ಮುಚ್ಚಳ ಕೂಡಿಸಿದೆ. ಗೌಡರು ತಮ್ಮ ಪರೀಕ್ಷೆಯನ್ನು ಹೇಳಿದರು. ಟಾಕಿ ಖಾಲಿಮಾಡಿ ಒಂದು ಡಬ್ಬಿ ಪೆಟ್ರೋಲು ಹಾಕಬೇಕು. ಮೊದಲು ಅಷ್ಟರಲ್ಲಿ ಚಿಕ್ಕೇರೂರು ಮುಟ್ಟುವುದೇ ಕಷ್ಟವಿತ್ತು. ಈಗ ಹೋಗಿ ತಿರುಗಿ ಬರಬೇಕು. ಅವರೇ ಹಿಂದೆ ಹತ್ತಿ ಕೂತರು, ಪಕ್ಕದಲ್ಲಿ ನರ್ಸಬಾಯಿ. ಹ್ಯಾಂಡಲ್ ಎರಡನೆಯ ಹೊಡೆತಕ್ಕೆ ಹಿಡಿಯಿತು.

ಕೂಸಿನ ದಿನ ನಿಂತ ಏರಿಗೆ ಬಂದೆವು. ನನ್ನ ಕಿವಿ ನಾಲ್ಕು ಸಿಲಿಂಡರನ್ನೂ ಎಣಿಸುತ್ತಿತ್ತು. ಗಾಡಿ ಏರು ಹತ್ತಿತು, ಚಿಕ್ಕೇರೂರಿನ ಬಾವಿಯ ಹತ್ತಿರ ತಿರುಗಿತು, ಬಂದ ದಾರಿಯಲ್ಲೇ ಮರಳಿತು. ಅಂಗಳದಲ್ಲಿ ನಿಲ್ಲಿಸಿ ಟಾಕಿಯಲ್ಲಿ ಕಡ್ಡಿ ಅದ್ದಿದೆ, ತುದಿಯಲ್ಲಿ ಇನ್ನೂ ಒದ್ದೆಯಿತ್ತು. ಗೌಡರು ಕಡ್ಡಿಯನ್ನು ಕೈಗೆ ತೆಗೆದುಕೊಂಡು ಮೂಸಿ ನೋಡಿದರು. ಆಮೇಲೆ ಗಿರಣಿಯವನ ಕಡೆ ತಿರುಗಿ, “ಇಲ್ಲಪಾ, ಕೊಡಂಗಿಲ್ಲ. ಉಂಡು ಹೋಗು,” ಅಂದರು.

ಖುಷಿ ಪಡುವಷ್ಟು ಶಕ್ತಿ ನನಗಿರಲಿಲ್ಲ. ಮುಖ್ಯವಾದದ್ದು ಉಳಿದೇ ಇತ್ತು. ಹೇಳದೆ ಹೋದರೆ ಬರುವ ಅಮವಾಸ್ಯೆಗೆ ಮತ್ತೆ ಅದೇ ಗತಿ. ಹೇಳಿದರೆ, ತಿಥಿಯ ಲೆಕ್ಕ ನನಗಿಂತ ಅವ್ವಾರಿಗೆ ಚೆನ್ನಾಗಿ ಗೊತ್ತು. ನರ್ಸಬಾಯಿ ನನ್ನ ಮುಖ ನೋಡಿದರು. “ಹೇಳಬೇಕ್ರಿ,” ಅಂದರು.

ಅವ್ವ ಪಡಸಾಲೆಯಲ್ಲಿ ಕೂತಿದ್ದರು. ನಾನು ನೆಲದ ಮೇಲೆ ಕೂತು, ಆದಷ್ಟು ಹಗುರವಾಗಿ ಹೇಳಿದೆ. ಆ ಕರಿ ಮುಚ್ಚಳದೊಳಗೆ ಬೆಂಕಿ ಇರುತ್ತದೆ, ನೀರು ಸೋಕಿದರೆ ಆರುತ್ತದೆ, ಇನ್ನು ಮುಂದೆ ಹೊರಗಿನಿಂದಲೇ ಕೈಮುಗಿದರೆ ಸಾಕು.

ಅವರು ಬೆರಳು ಮಡಿಚಿ ದಿನ ಎಣಿಸಿದರು.

“ಹ್ವಾದ ತಿಂಗಳ ಅಮಾಸಿಗೂ ನೀರು ಎರದಿದ್ದೆ ತಮ್ಮಾ.”

“ಹೌದ್ರಿ.”

“ಮರುದಿವಸ ಆ ಕೂಸು...”

ನರ್ಸಬಾಯಿ ಗೋಡೆಯ ಕಡೆ ತಿರುಗಿದರು. “ಅವ್ವಾರ, ಆ ದಿವಸ ಗಾಡ್ಯಾಗ ನಾಕು ಕೆಡಕ ಇದ್ದವು. ಪ್ಲಗ್ ಹೊಲಸಾಗಿದ್ದವು, ಪಾಯಿಂಟ್ ಕುಳಿ ಬಿದ್ದಿತ್ತು, ಸೂಜಿ ಸಡ್ಲ ಇತ್ತು, ವಾಲ್ವೊಂದು ಬಿಗಿ ಇತ್ತು. ಯಾವುದಕ್ಕ ನಿಂತತು ಅಂತ ನಾ ಹೇಳಾಕ ಬರಂಗಿಲ್ರಿ.”

ನನಗೆ ಹೇಳಲು ಬರುತ್ತಿತ್ತು. ಹೇಳಲಿಲ್ಲ. ಇಪ್ಪತ್ತು ವರ್ಷದಲ್ಲಿ ಎಂಜಿನ್ನಿನ ವಿಷಯದಲ್ಲಿ ನಾನು ತಿಳಿದೂ ಹೇಳಿದ ಸುಳ್ಳು ಅದೊಂದೇ.

ಅವರು ಗೋಡೆ ಹಿಡಿದು ಎದ್ದು ಒಳಗೆ ಹೋದರು. ಸಿಟ್ಟಾದರೇನೋ ಅಂದುಕೊಂಡೆ. ತುಂಬಿದ ತಂಬಿಗೆ ಹಿಡಿದು ಹೊರಗೆ ಬಂದರು.

“ಈ ಗಾಡಿಗೆ ನೀರು ಎಲ್ಲೆ ಹಾಕತಾರ? ತೋರಸು.”

ಅಂಗಳಕ್ಕೆ ಕರೆದುಕೊಂಡು ಹೋಗಿ ರೇಡಿಯೇಟರಿನ ಬಿರಡೆ ತೆಗೆದೆ. ದಾರಿ ಹೋಗಿ ಬಂದ ಎಂಜಿನ್ನು, ನೀರು ಒಂದಿಷ್ಟು ಇಳಿದಿತ್ತು. ಎಂಜಿನ್ ಬಿಸಿ ಇದೆ, ನಿಧಾನವಾಗಿ ಎರೆಯಿರಿ ಅಂದೆ. ಅವರು ಎರಡೂ ಕೈಯಿಂದ ತಂಬಿಗೆ ಬಗ್ಗಿಸಿ, ತುಟಿ ಅಲುಗಿಸುತ್ತ, ಸಣ್ಣ ಧಾರೆಯಾಗಿ ಎರೆದರು. ತಂಬಿಗೆ ವಾಲಿ ಒಂದಿಷ್ಟು ನೀರು ಕಾರಿನ ಮೂಗಿನ ಮೇಲೆ ಚೆಲ್ಲಿ, ಎಂಜಿನ್ನಿನ ಕಡೆ ಹರಿಯತೊಡಗಿತು. ಅವರು ತಂಬಿಗೆಯನ್ನು ಕೆಳಗೆ ಹಾಕಿಯೇಬಿಟ್ಟು, ಸೆರಗಿನಿಂದ ಆ ನೀರನ್ನು ಒತ್ತಿ ಒತ್ತಿ ಒರೆಸಿದರು. ತಗಡು ಒಣಗಿದ ಮೇಲೂ ಒರೆಸುತ್ತಲೇ ಇದ್ದರು.

“ಬಿತ್ತೇನೋ ತಮ್ಮಾ ಅದರ ಮ್ಯಾಲ?” ಅಂದರು. “ಒಂದ ಹನಿನೂ ಬಿದ್ದಿಲ್ಲ ಹೌದಿಲ್ಲೊ? ಚಂದಂಗ ನೋಡಿ ಹೇಳು.”

ನಾನು ಎಂಜಿನ್ ಮೇಲಿನ ತಗಡಿನ ಮುಚ್ಚಳ ಎತ್ತಿ, ಬಗ್ಗಿ, ಚೆನ್ನಾಗಿ ನೋಡಿ ಹೇಳಿದೆ. “ಇಲ್ರಿ ಅವ್ವಾರ. ಒಂದ ಹನಿನೂ ಬಿದ್ದಿಲ್ಲ.”